ಎಡೆದೊರೆ ನಾಡಿನ ಹಿಂಡು, ಹೊನ್ನು, ಹೊಲ

ಕೃಷ್ಣೆ ತುಂಗಭದ್ರೆಯರ ನಡುವಿನ ನೆಲವನ್ನು ಹಳೆಯ ಶಾಸನಗಳು ಎಡೆದೊರೆ ನಾಡೆಂದು ಕರೆದಿವೆ. ಈ ನೆಲಕ್ಕಾಗಿ ಹರಿದ ನೆತ್ತರು ಅಷ್ಟಿಷ್ಟಲ್ಲ. ೧೫೨೦ರಲ್ಲಿ ಕೃಷ್ಣದೇವರಾಯನು ಬಿಜಾಪುರದ ಸುಲ್ತಾನನನ್ನು ಸೋಲಿಸಿ ರಾಯಚೂರು ಕೋಟೆಯನ್ನು ವಶಪಡಿಸಿಕೊಂಡನು. ಆದರೆ ಕೋಟೆಯ ಮೇಲಿನ ಬಾವುಟ ಬದಲಾದ ಮಾತ್ರಕ್ಕೆ ನೆಲದ ಬಾಳು ಬದಲಾಗುವುದಿಲ್ಲ. ಅದನ್ನು ಬದಲಿಸಿದವರು ದನ ಕಾಯುವವರು, ಗಣಿ ಅಗೆಯುವವರು, ಉಳುವವರು.

ಅಮೆರಿಕದ ಪಶ್ಚಿಮ ಬಯಲುಗಳ ಕಥೆಯೂ ಇಂಥದೇ. ೧೮೪೮ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಚಿನ್ನ ಕಂಡಿತು. ಗಣಿಗಾರರ ಹಿಂದೆ ದನಗಳ ಹಿಂಡುಗಳು ಬಂದವು. ೧೮೬೨ರ ಕಾಯಿದೆ ಒಕ್ಕಲು ಹೂಡುವವನಿಗೆ ೧೬೦ ಎಕರೆ ನೆಲವನ್ನು ನೀಡಿತು. ಮುಳ್ಳುತಂತಿಯ ಬೇಲಿ ಬಯಲನ್ನು ಹಂಚಿಹಾಕಿತು. ಅರ್ಧ ಶತಮಾನದಲ್ಲಿ ಎಲ್ಲವೂ ಮುಗಿದು, ಅಲ್ಲಿನ ಮೂಲನಿವಾಸಿಗಳು ತಮ್ಮ ನೆಲಕ್ಕೆ ಎರವಾದರು. ಎಡೆದೊರೆಯಲ್ಲಿ ಇದೇ ನಾಟಕಕ್ಕೆ ಸಾವಿರಾರು ವರ್ಷಗಳು ಹಿಡಿದವು. ಕೊನೆಯ ಅಂಕ ಮಾತ್ರ ಒಂದೇ ತಲೆಮಾರಿನಲ್ಲಿ ನಡೆದುಹೋಯಿತು.

ಮೊದಲು ಬಂದುದು ಹಿಂಡು. ಈ ಸೀಮೆಯ ಬೂದಿದಿಬ್ಬಗಳು ನವಶಿಲಾಯುಗದ ದನಗಾಹಿಗಳ ದೊಡ್ಡಿಗಳಲ್ಲಿ ಕೂಡಿ, ಸುಟ್ಟು ಬೂದಿಯಾದ ಸಗಣಿಯ ರಾಶಿಗಳೆಂದು ಪುರಾತತ್ತ್ವಜ್ಞರು ತೋರಿಸಿಕೊಟ್ಟಿದ್ದಾರೆ.

ಬಳಿಕ ಹೊನ್ನು. ಹಟ್ಟಿಯಲ್ಲಿ ಪ್ರಾಚೀನರು ಕಟ್ಟಿಗೆಯುರಿಯಿಂದ ಬಂಡೆಯನ್ನು ಕಾಯಿಸಿ, ನೀರೆರಚಿ ಸೀಳಿ, ಸುಮಾರು ೬೪೦ ಅಡಿ ಆಳಕ್ಕೆ ಇಳಿದಿದ್ದರು. ಅಲ್ಲಿ ದೊರೆತ ಮರದ ತುಂಡುಗಳ ವಯಸ್ಸು ಸುಮಾರು ಎರಡು ಸಾವಿರ ವರ್ಷ. ೧೯೧೫ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರನಿಗೆ ಮಸ್ಕಿಯ ಬಂಡೆಯಲ್ಲಿ ಚಿನ್ನಕ್ಕಿಂತ ಬೆಲೆಯುಳ್ಳುದು ಕಣ್ಣಿಗೆ ಬಿತ್ತು: ಅಶೋಕನ ಹೆಸರನ್ನೇ ಹೊತ್ತ ಶಾಸನ! 'ದೇವಾನಂಪ್ರಿಯ'ನೆಂಬ ಅರಸನು ಯಾರೆಂಬ ಸಂದೇಹ ಅದರಿಂದ ತೀರಿತು. ನಿಜಾಮರ ಕಾಲದಲ್ಲಿ ನಿಂತಿದ್ದ ಹಟ್ಟಿಯ ಗಣಿಗೆ ೧೯೪೭ರಲ್ಲಿ ಹೊಸ ಕಂಪನಿಯಿಂದ ಮರುಜೀವ ಬಂದಿತು. ೨೦೦೧ರಲ್ಲಿ ಕೋಲಾರದ ಗಣಿ ಮುಚ್ಚಿದ ಮೇಲೆ ದೇಶದ ಮುಖ್ಯ ಚಿನ್ನದ ಗಣಿಯೆಂಬ ಹೆಸರು ಇದರದಾಯಿತು. ದೇವದುರ್ಗ ತಾಲ್ಲೂಕಿನ ಊಟಿಯಲ್ಲಿಯೂ ಈ ಕಂಪನಿ ಅದಿರನ್ನು ಅಗೆದಿದೆ.

ಕೊನೆಗೆ ಬಂದುದು ಕಾಲುವೆ. ೧೯೫೩ರಲ್ಲಿ ತುಂಗಭದ್ರೆಯ ನೀರು ಕಾಲುವೆಗೆ ಹರಿಯಿತು. ೨೨೭ ಕಿಲೋಮೀಟರ್ ಉದ್ದದ ಎಡದಂಡೆ ಕಾಲುವೆಯ ನೀರನ್ನು ವಿಶಾಲವಾದ ಸೀಮೆಗೆ ತೆಳುವಾಗಿ ಹಂಚಿ ಜೋಳ, ಹತ್ತಿ, ಶೇಂಗಾಗಳನ್ನು ಬರದಿಂದ ಕಾಪಾಡಬೇಕೆಂಬುದು ಯೋಜನೆಯ ಸಂಕಲ್ಪ. ಆದರೆ ಕರಾವಳಿ ಆಂಧ್ರದಿಂದ ಬಂದ ರೈತರಿಗೆ ಭತ್ತದ ಕಸುಬು ಕರಗತವಾಗಿತ್ತು. ಅವರು ಎರೆಹೊಲಗಳನ್ನು ಕೊಂಡು, ಮಟ್ಟಮಾಡಿ, ಮಡಿ ಕಟ್ಟಿದರು. 'ಕ್ಯಾಂಪ್' ಎಂಬ ಹೆಸರಿನ ಹೊಸ ಊರುಗಳೆದ್ದವು. ಬರದಿಂದ ಬೇಸತ್ತು ಅಗ್ಗದ ಬೆಲೆಗೆ ಹೊಲ ಮಾರಿದವರಲ್ಲಿ ಕೆಲವರು ಅದೇ ಹೊಲಗಳಲ್ಲಿ ಕೂಲಿಗೆ ನಿಂತರು. ಆದರೂ ನೋಡನೋಡುತ್ತ ಸ್ಥಳೀಕರೂ ಭತ್ತ ಕಲಿತರು. ಜೋಳದ ಸೀಮೆ ಅಕ್ಕಿಯ ಕಣಜವಾಯಿತು.

ಈ ಸಮೃದ್ಧಿಗೆ ತೆತ್ತ ಬೆಲೆ ಕಾಲುವೆಯ ಕೊನೆಯಲ್ಲಿ ಕಾಣುತ್ತದೆ. ಮೇಲ್ಭಾಗದಲ್ಲಿ ಭತ್ತದ ಗದ್ದೆಗಳು ನೀರನ್ನು ಹೀರಿಕೊಂಡಾಗ ಮಾನ್ವಿ, ರಾಯಚೂರು ತಾಲ್ಲೂಕುಗಳ ಕೊನೆಯಂಚಿನ ಹೊಲಗಳು ಬಾಯ್ಬಿಡುತ್ತವೆ. ಇಲ್ಲಿನ ರೈತನು ನೀರಿನ ಮಾತನ್ನು ಮೈಲಿಯ ಲೆಕ್ಕದಲ್ಲಿಯೇ ಆಡುತ್ತಾನೆ: ೬೯ನೆಯ ಮೈಲಿಯಲ್ಲಿ ಎಷ್ಟಡಿ, ೧೦೪ನೆಯ ಮೈಲಿಯಲ್ಲಿ ಎಷ್ಟಡಿ? ಆ ಅಳತೆ ತಗ್ಗಿದರೆ ರಸ್ತೆಯಲ್ಲಿ ಧರಣಿ. ಒಂದೆಡೆ ನೀರಿಲ್ಲದ ಸಂಕಟ; ಇನ್ನೊಂದೆಡೆ ನೀರು ಹೆಚ್ಚಾಗಿ ನೆಲ ಸವುಳಾದ ಸಂಕಟ!

ಕುರುಬರ ಮಂದೆಗೂ ಹಾದಿ ಕಿರಿದಾಯಿತು. ಸುಗ್ಗಿ ಮುಗಿದ ಹೊಲದಲ್ಲಿ ಕುರಿಗಳನ್ನು ರಾತ್ರಿ ನಿಲ್ಲಿಸುವುದು, ಗೊಬ್ಬರಕ್ಕೆ ಪ್ರತಿಯಾಗಿ ಒಡೆಯನು ಕಾಳು ಕೊಡುವುದು ಈ ಸೀಮೆಯ ಹಳೆಯ ಕೊಡುಕೊಳ್ಳುವಿಕೆ. ವರ್ಷಕ್ಕೆ ಎರಡು ಬೆಳೆ ನಿಲ್ಲುವ ಕೆಸರುಗದ್ದೆಯಲ್ಲಿ ಮಂದೆಗೆ ಎಡೆಯೆಲ್ಲಿ?

ಕೃಷ್ಣೆಯ ದಂಡೆಯ ದೇವದುರ್ಗಕ್ಕೆ ನೀರು ಬಂದುದು ತಡವಾಗಿ. ೧೯೮೨ರಲ್ಲಿ ಪೂರ್ಣಗೊಂಡ ನಾರಾಯಣಪುರದ ಬಸವಸಾಗರದ ಬಲದಂಡೆ ಕಾಲುವೆ ಕ್ರಮೇಣ ಈ ತಾಲ್ಲೂಕನ್ನು ಮುಟ್ಟಿತು. ಮಾನ್ವಿಯ ಅನುಭವ ಅದರ ಕಣ್ಣೆದುರಿನಲ್ಲಿಯೇ ಇದೆ.

೧೮೭೧ರಲ್ಲಿ ಮುಂಬಯಿ ಮದರಾಸುಗಳ ರೈಲುಹಾದಿಗಳು ಕೂಡಿದ ರಾಯಚೂರಿನ ಪೇಟೆಯಲ್ಲಿ ಇಂದು ಹತ್ತಿಯ ಅಂಡಿಗೆಗಳೊಡನೆ ಭತ್ತದ ಚೀಲಗಳೂ ರಾಶಿಬೀಳುತ್ತವೆ. ಅದಿರು ತೀರಿದರೆ ಗಣಿಗಾರನು ಬೇರೊಂದು ಬೆಟ್ಟವನ್ನು ಅರಸಬಹುದು. ಮೇವು ತೀರಿದರೆ ಕುರುಬನು ಬೇರೊಂದು ಬಯಲಿಗೆ ಹೋಗಬಹುದು. ಕೊನೆಯಂಚಿನ ಒಕ್ಕಲಿಗನು ಹೊಲವನ್ನು ಹೊತ್ತುಕೊಂಡು ಹೋಗಲಾರನು. ಅವನ ಹೊಲಕ್ಕೆ ತಲುಪುವ ನೀರಿನಿಂದಲೇ ಎಡೆದೊರೆಯ ಏಳಿಗೆಯನ್ನು ಅಳೆಯಬೇಕು.