ಐವತ್ತೊಂಬತ್ತು, ಐವತ್ತೊಂಬತ್ತು

ನನಗೆ ಎರಡು ವಯಸ್ಸು. ಒಂದನ್ನು ಕೊಟ್ಟವಳು ಅಮ್ಮ, ಇನ್ನೊಂದನ್ನು ಕೊಟ್ಟವರು ಪ್ರೈಮರಿ ಶಾಲೆಯ ಹೆಡ್‌ಮಾಸ್ಟರು.

ಅಮ್ಮನ ಲೆಕ್ಕದಲ್ಲಿ ನಾನು ಹುಟ್ಟಿದ್ದು 1965ರ ಕಡಲೆಕಾಯಿ ಪರಿಷೆಯ ಮಾರನೆಯ ದಿನ. ತಾರೀಖು ಗೀರೀಖು ಅವಳಿಗೆ ಬೇಕಿಲ್ಲ. ಕಾರ್ತಿಕದ ಕೊನೆಯ ಸೋಮವಾರ, ದೊಡ್ಡ ಬಸವಣ್ಣನ ಗುಡಿಯ ರಸ್ತೆ ತುಂಬ ಕಡಲೆಕಾಯಿ ರಾಶಿ, ಪರಿಷೆ ಸುತ್ತಿ ಬಂದ ರಾತ್ರಿ ನೋವು ಶುರು, ಬೆಳಗಾಗುವಷ್ಟರಲ್ಲಿ ನಾನು. ಶಾಲೆಗೆ ಸೇರಿಸಲು ಕರೆದುಕೊಂಡು ಹೋದಾಗ ವಯಸ್ಸು ಸಾಲದು ಎಂದಾಯಿತು. ಹೆಡ್‌ಮಾಸ್ಟರು ಉದಾರಿಗಳು. ಆರು ತಿಂಗಳು ಕೈಯಿಂದ ಹಾಕಿ ಜೂನ್ 1 ಎಂದು ಬರೆದುಕೊಂಡರು. ನಮ್ಮ ತರಗತಿಯಲ್ಲಿ ಅರ್ಧಕ್ಕರ್ಧ ಹುಡುಗರು ಜೂನ್ 1ರಂದೇ ಹುಟ್ಟಿದವರು; ಆವತ್ತು ಬಸವನಗುಡಿಯ ಸೂಲಗಿತ್ತಿಯರಿಗೆ ಉಸಿರಾಡಲೂ ಪುರಸೊತ್ತು ಇದ್ದಿರಲಾರದು.

ಎರಡು ವಯಸ್ಸಿಟ್ಟುಕೊಂಡು ಆರಾಮವಾಗಿ ಬದುಕಬಹುದು. ಜಾತಕಕ್ಕೆ ಒಂದು, ಪೆನ್ಷನ್‌ಗೆ ಒಂದು. ನನಗೆ ತೊಡಕಾದದ್ದು ಹ್ಯಾಮ್ ರೇಡಿಯೋ ಎಂಬ ಹವ್ಯಾಸದಿಂದ. ವರ್ಷಕ್ಕೆ ಎರಡು ಸಲ, ಎರಡೆರಡು ದಿನ, ಗುರುತು ಪರಿಚಯವಿಲ್ಲದ ನೂರಾರು ಜನ ನನ್ನ ವಯಸ್ಸು ಕೇಳುತ್ತಾರೆ. ಹೇಳದೆ ವಿಧಿಯಿಲ್ಲ.

ಇದರ ಹೆಸರು ಆಲ್ ಏಷ್ಯನ್ ಡಿಎಕ್ಸ್ ಕಾಂಟೆಸ್ಟ್. ನಡೆಸುವವರು ಜಪಾನ್ ಅಮೆಚೂರ್ ರೇಡಿಯೋ ಲೀಗ್‌ನವರು. ಜೂನ್ ಮೂರನೆಯ ವಾರಾಂತ್ಯದಲ್ಲಿ ಮೋರ್ಸ್, ಸೆಪ್ಟೆಂಬರ್ ಮೊದಲ ವಾರಾಂತ್ಯದಲ್ಲಿ ಮಾತು. ಶನಿವಾರ ಬೆಳಗಿನ ಐದೂವರೆಗೆ ಶುರುವಾದರೆ ಸೋಮವಾರ ಬೆಳಗಿನ ಐದೂವರೆಗೆ ಮುಗಿಯಿತು. ಗ್ರೀನಿಚ್ ಕಾಲಮಾನದ ನಡುರಾತ್ರಿಗೂ ನಮ್ಮ ಬೀದಿಯ ಹಾಲಿನ ಪ್ಯಾಕೆಟ್ಟಿಗೂ ಒಂದೇ ಮುಹೂರ್ತ. ಈ ನಲವತ್ತೆಂಟು ಗಂಟೆಯಲ್ಲಿ ಎಷ್ಟು ಜನರ ಜೊತೆ, ಎಷ್ಟು ದೇಶಗಳ ಜೊತೆ ಸಂಪರ್ಕ ಸಾಧಿಸಿದೆ ಎಂಬುದೇ ಅಂಕ. ಸಂಪರ್ಕವೆಂದರೆ ಹರಟೆಯಲ್ಲ. ಕಾಲ್‌ಸೈನ್ ಹೇಳಬೇಕು, ಎದುರಿನವರ ದನಿ ಹೇಗೆ ಕೇಳುತ್ತಿದೆ ಎಂದು ಅಂಕಿಯಲ್ಲಿ ಹೇಳಬೇಕು, ಆಮೇಲೆ ಇನ್ನೆರಡು ಅಂಕಿ. ಬೇರೆ ಹೆಚ್ಚಿನ ಕಾಂಟೆಸ್ಟ್‌ಗಳಲ್ಲಿ ಈ ಕೊನೆಯ ಅಂಕಿ ಕ್ರಮಸಂಖ್ಯೆಯೋ, ವಲಯದ ನಂಬರೋ ಆಗಿರುತ್ತದೆ. ಜಪಾನಿನವರು ಕೇಳುವುದು ವಯಸ್ಸು. ಮೊದಲ ಭೇಟಿಯಲ್ಲೇ ಊರು, ಸಂಬಳ, ಮಕ್ಕಳೆಷ್ಟು ಎಂದು ವಿಚಾರಿಸುವ ಗಾಂಧಿಬಜಾರಿನ ಹಿರಿಯರ ನಡುವೆ ಬೆಳೆದ ನನಗೆ ಇದು ಮನೆಯದೇ ರೂಢಿ ಅನ್ನಿಸಿತು.

ದನಿಯ ವರದಿಯ ವಿಷಯ ಹೇಳಲೇಬೇಕು. ಅರ್ಥವಾಗುವಿಕೆಗೆ ಒಂದರಿಂದ ಐದು, ಬಲಕ್ಕೆ ಒಂದರಿಂದ ಒಂಬತ್ತು. ಗಂಟೆ ಹೊಡೆದ ಹಾಗೆ ಸ್ಪಷ್ಟವಾಗಿ ಕೇಳಿದರೆ ‘ಫೈವ್ ನೈನ್’. ಕಾಂಟೆಸ್ಟ್‌ನಲ್ಲಿ ಎಲ್ಲರೂ ಎಲ್ಲರಿಗೂ ಕೊಡುವುದು ಫೈವ್ ನೈನ್ ಒಂದೇ. ‘ಯು ಆರ್ ಫೈವ್ ನೈನ್, ನಿಮ್ಮ ಕಾಲ್‌ಸೈನ್ ಕೇಳಿಸಲಿಲ್ಲ, ಇನ್ನೊಮ್ಮೆ ಹೇಳಿ’ ಎನ್ನುವುದು ಮಾಮೂಲು. ನಮ್ಮ ‘ಊಟ ಆಯ್ತಾ?’ ಇದ್ದಂತೆ. ಹೌದು ಎಂಬ ಉತ್ತರಕ್ಕೂ ಹೊಟ್ಟೆಗೂ ಸಂಬಂಧವಿಲ್ಲ. ಹಾಗಾಗಿ ಇಡೀ ವಿನಿಮಯದಲ್ಲಿ ನಿಜವೆನ್ನಬಹುದಾದದ್ದು ವಯಸ್ಸೊಂದೇ. ಅದರಲ್ಲೂ ನನ್ನದು ಹೆಡ್‌ಮಾಸ್ಟರ ಕೃಪೆ. ಲೈಸೆನ್ಸ್ ಅರ್ಜಿಗೆ ಲಗತ್ತಿಸಿದ್ದು ಎಸ್ಸೆಸ್ಸೆಲ್ಸಿ ಅಂಕಪಟ್ಟಿ. ಲೈಸೆನ್ಸಿನ ವಯಸ್ಸೇ ರೇಡಿಯೋದ ವಯಸ್ಸು ಎಂದು ತೀರ್ಮಾನಿಸಿಕೊಂಡೆ. ಅಮ್ಮನಿಗೆ ತಿಳಿಸಲಿಲ್ಲ.

ಹೆಂಗಸರಿಗೆ ವಿನಾಯಿತಿ ಉಂಟು. ಹ್ಯಾಮ್‌ಗಳ ಲೋಕದಲ್ಲಿ ಹನ್ನೆರಡರ ಪೋರನೂ ‘ಓಲ್ಡ್ ಮ್ಯಾನ್’, ತೊಂಬತ್ತರ ಅಜ್ಜಿಯೂ ‘ಯಂಗ್ ಲೇಡಿ’. ಯಂಗ್ ಲೇಡಿಯ ವಯಸ್ಸು ಕೇಳಬಾರದಲ್ಲ, ಅದಕ್ಕೆ ಅವರು ಸೊನ್ನೆ ಸೊನ್ನೆ ಎಂದರಾಯಿತು. ಎಷ್ಟು ಸಭ್ಯ ನಿಯಮ ನೋಡು ಎಂದು ಹೆಂಡತಿಗೆ ಹೇಳಿದೆ. “ಸೊನ್ನೆ ಕೊಟ್ಟು ಅದನ್ನ ಮರ್ಯಾದೆ ಅಂತೀರಾ?” ಎಂದು ಒಳಗೆ ಹೋದಳು.

ನಮ್ಮ ಮನೆ ಹಳೆಯದು. ಸುತ್ತ ಅಪಾರ್ಟ್‌ಮೆಂಟ್ ಎದ್ದು ನಿಂತ ಮೇಲೆ ಬಾವಿಯೊಳಗೆ ಕೂತ ಹಾಗಿದೆ. ಹಿತ್ತಲಿನ ತೆಂಗಿನಮರವೊಂದೇ ನನ್ನ ಆಸ್ತಿ. ತಾರಸಿಯ ನೀರಿನ ಟ್ಯಾಂಕಿನ ಕಂಬದಿಂದ ಮರದ ಕಂಠಕ್ಕೆ ತಂತಿ ಎಳೆದಿದ್ದೇನೆ. ಇಪ್ಪತ್ತು ಮೀಟರ್ ತರಂಗಕ್ಕೆ ಅದರರ್ಧ, ಸುಮಾರು ಹತ್ತು ಮೀಟರ್ ತಂತಿ, ನಡುವೆ ಕೇಬಲ್. ಇಷ್ಟೇ ಆಂಟೆನಾ. ಇದರ ಶತ್ರುಗಳು ಮೂವರು: ಕಾಯಿ ಕೀಳುವವನು, ಸಿಡಿಲು, ಗಾಳಿಪಟ. ಜೂನ್ ಮೂರನೆಯ ವಾರವೆಂದರೆ ಆಷಾಢ ಹೊಸ್ತಿಲಲ್ಲಿರುವ ಹೊತ್ತು, ಊರಿಡೀ ಪಟದ ಗಾಳಿ. ಒಂದು ವರ್ಷ ಕಾಂಟೆಸ್ಟ್ ನಡುವೆ ಯಾರಿಗೂ ಕೇಳಿಸದಂತಾದೆ. ಹತ್ತಿ ನೋಡಿದರೆ ಮೂರು ಗಾಳಿಪಟ, ಒಂದಕ್ಕೆ ಸೀರೆಯಂಚಿನ ಬಾಲಂಗೋಚಿ, ಕೇಬಲ್ ಸೇರುವ ಜಾಗ ಕಿತ್ತು ಬಂದಿತ್ತು.

ಪಕ್ಕದ ಮನೆಯ ಅಜ್ಜಿಗೆ ತಂತಿ ಸಿಡಿಲನ್ನು ಕರೆಯುತ್ತದೆಂಬ ಗುಮಾನಿ. ನನ್ನ ಯಂತ್ರದ ಶಕ್ತಿ ನೂರು ವ್ಯಾಟ್, ಹಳೆಯ ಕಾಲದ ಬಚ್ಚಲು ಬಲ್ಬಿನಷ್ಟು ಎಂದು ಸಮಾಧಾನ ಹೇಳುತ್ತೇನೆ. 1935ರಲ್ಲಿ ಮೈಸೂರಿನ ಮನಃಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ಬರೀ ಮೂವತ್ತು ವ್ಯಾಟ್‌ನ ಯಂತ್ರ ಇಟ್ಟುಕೊಂಡು ತಮ್ಮ ಮನೆಯಿಂದಲೇ ಬಾನುಲಿ ನಡೆಸಿದರು, ಆಕಾಶವಾಣಿ ಎಂಬ ಹೆಸರು ಬಂದದ್ದೇ ಆ ಮನೆಯಿಂದ ಎಂದೂ ಸೇರಿಸುತ್ತೇನೆ. “ಅವರದ್ದು ಸಂಗೀತ ಬರ್ತಿತ್ತಪ್ಪ, ನಿನ್ನದು ಬರೀ ಕುಯ್ ಕುಯ್” ಎನ್ನುತ್ತಾರೆ ಅಜ್ಜಿ.

ಕುಯ್ ಕುಯ್ ಎಂದರೆ ಮೋರ್ಸ್. ಅದರಲ್ಲಿ ವಯಸ್ಸು ಹೇಳುವುದಕ್ಕೆ ಬೇರೆಯೇ ರುಚಿ ಇದೆ. ಐದು ಎಂದರೆ ಐದು ಚುಕ್ಕೆ. ಸೊನ್ನೆ ಎಂದರೆ ಐದು ಗೆರೆ. ಉಳಿದ ಅಂಕಿಗಳೆಲ್ಲ ಇವೆರಡರ ನಡುವಿನ ಬೆರಕೆ. ಎಂದ ಮೇಲೆ ಮನುಷ್ಯನ ಆಯುಸ್ಸಿನಲ್ಲಿ ಅತಿ ಬೇಗ ಹೊಡೆದು ಮುಗಿಸಬಹುದಾದ ವಯಸ್ಸು ಐವತ್ತೈದು. ಹತ್ತೇ ಚುಕ್ಕೆ, ಎಣ್ಣೆಯಲ್ಲಿ ಸಾಸಿವೆ ಸಿಡಿದ ಹಾಗೆ. ನಲವತ್ತು ದಾಟಿದ ಮೇಲೆ ಅದಕ್ಕಾಗಿ ಒಳಗೊಳಗೇ ಕಾಯುತ್ತಿದ್ದೆ. ಕಾಲುನೋವು, ಬಿಪಿ ಏನೇ ಬರಲಿ, ಕೀ ಮೇಲಿನ ಬೆರಳಿಗೆ ವರ್ಷ ವರ್ಷ ಹುರುಪು. ಕೊನೆಗೆ 2020ರ ಜೂನ್ ಬಂತು, ಹೆಡ್‌ಮಾಸ್ಟರ ಪ್ರಕಾರ ನನಗೆ ಐವತ್ತೈದಾಯಿತು. ಕೊರೋನಾ ಕಾಲ, ಎಲ್ಲರೂ ಮನೆಯಲ್ಲೇ. ರೇಡಿಯೋ ಕಿಕ್ಕಿರಿದಿತ್ತು. ಆ ಭಾನುವಾರ, ಜೂನ್ 21ರಂದು, ಸೂರ್ಯಗ್ರಹಣ ಬೇರೆ. ಉತ್ತರದಲ್ಲಿ ಕಂಕಣ, ನಮಗೆ ಖಂಡಗ್ರಾಸ. ಅಮ್ಮ ಉಪ್ಪಿನಕಾಯಿ ಜಾಡಿ, ಹಾಲಿನ ಪಾತ್ರೆಗೆಲ್ಲ ದರ್ಭೆ ಹಾಕುತ್ತ ಬಂದವಳು ನನ್ನ ಮೇಜಿನ ಮುಂದೆ ನಿಂತು, ಒಂದು ಎಸಳು ಟ್ರಾನ್ಸೀವರ್ ಮೇಲೂ ಇಟ್ಟುಹೋದಳು. ನಮ್ಮ ಅಲೆಗಳನ್ನು ಬಾಗಿಸಿ ಭೂಮಿಗೆ ಮರಳಿಸುವ ಪದರ ನೂರಾರು ಕಿಲೋಮೀಟರ್ ಎತ್ತರದಲ್ಲಿದೆ; ಅದು ಬದುಕುವುದೇ ಬಿಸಿಲಿನಿಂದ. ಬಿಸಿಲಿಗೆ ಮರೆ ಬಿದ್ದರೆ ಅದೂ ಅಲುಗುತ್ತದೆ. ಆದ್ದರಿಂದ ಅಮ್ಮನ ದರ್ಭೆ ಅಷ್ಟೇನೂ ಅಪ್ರಸ್ತುತವಲ್ಲ ಎಂದುಕೊಂಡು ಹಾಗೇ ಬಿಟ್ಟೆ. ಗ್ರಹಣ ಬಿಡುವವರೆಗೂ ಹತ್ತು ಚುಕ್ಕೆ, ಹತ್ತು ಚುಕ್ಕೆ. ಅಷ್ಟು ಚುರುಕಾಗಿ ನಾನು ಹಿಂದೆಯೂ ಇರಲಿಲ್ಲ, ಮುಂದೆಯೂ ಇರಲಾರೆ.

ಹೀಗೆ ಸಿಗುವವರಲ್ಲಿ ಕೆಲವರು ವರ್ಷ ವರ್ಷವೂ ಸಿಗುತ್ತಾರೆ. ಜಪಾನಿನ ಒಬ್ಬರಿದ್ದಾರೆ, ಕಾಲ್‌ಸೈನ್‌ನಲ್ಲಿ ಏಳರ ಅಂಕಿ ಇರುವವರು. ಏಳು ಎಂದರೆ ತೊಹೊಕು ಸೀಮೆ, ಸೆಂಡಾಯ್, ಫುಕುಶಿಮಾ ಆ ಕಡೆ. ಅವರ ಹೆಸರೇನು, ಕೆಲಸವೇನು, ನನಗೆ ಗೊತ್ತಿಲ್ಲ. ವಯಸ್ಸು ಮಾತ್ರ ಗೊತ್ತು. ಶುರುವಿನಲ್ಲಿ ನಲವತ್ತೊಂಬತ್ತು, ಮರುವರ್ಷ ಐವತ್ತು, ಆಮೇಲೆ ಐವತ್ತೊಂದು. ಅವರ ಊರಿನ ಹೆಡ್‌ಮಾಸ್ಟರು ಪ್ರಾಮಾಣಿಕರಿರಬೇಕು. ವರ್ಷಕ್ಕೆ ಎರಡು ಸಲ, ಸಲಕ್ಕೆ ಹತ್ತು ಸೆಕೆಂಡು. ಮೊದಲ ಹನ್ನೆರಡು ವರ್ಷದ ಸ್ನೇಹವನ್ನು ಕೂಡಿಸಿದರೆ ನಾಲ್ಕು ನಿಮಿಷ.

2010ರಲ್ಲಿ ಅವರಿಗೆ ಅರವತ್ತು. 2011ರ ಮಾರ್ಚ್ 11ರಂದು ಆ ಕರಾವಳಿಗೆ ನುಗ್ಗಿದ ಸುನಾಮಿಯನ್ನು ಟಿವಿಯಲ್ಲಿ ನೋಡಿದಾಗ ನೆನಪಾದದ್ದು ಮುಖವಲ್ಲ, ಒಂದು ಅಂಕಿ. ಜೂನ್ ಕಾಂಟೆಸ್ಟ್‌ನಲ್ಲಿ ಅಂಕಕ್ಕಿಂತ ಹೆಚ್ಚಾಗಿ ಏಳರವರನ್ನು ಹುಡುಕಿದೆ. ಬೇರೆ ಏಳುಗಳು ಸಿಕ್ಕವು, ಅವರು ಸಿಗಲಿಲ್ಲ. ತೀರಿಕೊಂಡ ಹ್ಯಾಮ್‌ಗೆ ನಾವು ‘ಸೈಲೆಂಟ್ ಕೀ’ ಎನ್ನುತ್ತೇವೆ. ಆ ಮಾತನ್ನು ನಾಲಿಗೆಯ ತುದಿಗೆ ಬರಗೊಡಲಿಲ್ಲ. ಸೆಪ್ಟೆಂಬರ್‌ನ ಭಾನುವಾರ ಮಧ್ಯಾಹ್ನ, ಊಟ ಮುಗಿಸಿ ತೂಕಡಿಸುತ್ತ ಡಯಲ್ ತಿರುಗಿಸುತ್ತಿದ್ದಾಗ ಕೇಳಿತು ಅದೇ ದನಿ: ಫೈವ್ ನೈನ್, ಸಿಕ್ಸ್ ಒನ್. ನಾನು ಹೇಳಿದೆ: ಫೈವ್ ನೈನ್, ಫೋರ್ ಸಿಕ್ಸ್. ಮನೆ ಇದೆಯಾ, ಮಕ್ಕಳು ಹೇಗಿದ್ದಾರೆ ಎಂದು ಕೇಳಬಹುದಿತ್ತು. ಹಿಂದೆ ಎಂಟು ಹತ್ತು ಜನ ಕೂಗುತ್ತ ಸಾಲಿನಲ್ಲಿ ನಿಂತಿದ್ದರು. ಥ್ಯಾಂಕ್ಯೂ ಎಂದರು, ಥ್ಯಾಂಕ್ಯೂ ಎಂದೆ. ಅಷ್ಟೇ.

ನನ್ನ ಐವತ್ತೊಂಬತ್ತರ ಕಥೆ ಬೇರೆ. 2024ರಲ್ಲಿ ಸೂರ್ಯನಿಗೆ ಹನ್ನೊಂದು ವರ್ಷಕ್ಕೊಮ್ಮೆ ಬರುವ ಉಬ್ಬರ, ಕಲೆಗಳು ಹೆಚ್ಚಿ ರೇಡಿಯೋ ಹಾದಿ ಹೆದ್ದಾರಿಯಾಗಿತ್ತು. ಆದರೆ ಸೆಪ್ಟೆಂಬರ್ 7ರ ಶನಿವಾರ ಗಣೇಶ ಚತುರ್ಥಿಯೂ ಹೌದು. ಮನೆಯಲ್ಲಿ ಒಪ್ಪಂದವಾಯಿತು: ಐದೂವರೆಯಿಂದ ಎಂಟರವರೆಗೆ ನನ್ನದು, ಆಮೇಲೆ ಪೂಜೆ, ಕಡುಬು ತಿಂದ ಮೇಲೆ ಮತ್ತೆ ನನ್ನದು. ಮೊದಲ ಜಪಾನಿ ಸಿಕ್ಕರು. “ಫೈವ್ ನೈನ್, ಫೈವ್ ನೈನ್” ಎಂದೆ. “ಏಜ್ ಪ್ಲೀಸ್?” “ಫೈವ್ ನೈನ್.” “ರೋಜರ್ ಫೈವ್ ನೈನ್, ಯುವರ್ ಏಜ್?” ಫಿಫ್ಟಿ ನೈನ್ ಎಂದರೂ ವರದಿಯನ್ನೇ ಮತ್ತೆ ಹೇಳುತ್ತಿದ್ದೇನೆಂದು ಅವರ ಭಾವನೆ. ಬೆಳಗಿನಿಂದ ಹೀಗೇ. ಒಬ್ಬರಂತೂ ನಾನು ವಯಸ್ಸು ಮುಚ್ಚಿಡುತ್ತಿದ್ದೇನೆಂದು ತಿಳಿದು ‘ಡೋಂಟ್ ವರಿ’ ಎಂದು ನಕ್ಕರು.

ಸಂಜೆ ಯೂರೋಪಿನ ಹಾದಿ ತೆರೆಯುವ ಹೊತ್ತಿಗೆ ಬೀದಿಯ ಪೆಂಡಾಲಿನ ಸೀರಿಯಲ್ ಸೆಟ್ ಹೊತ್ತಿಕೊಂಡಿತು. ಒಂದೊಂದು ಎಲ್‌ಇಡಿ ಸರಕ್ಕೂ ಒಂದೊಂದು ಡಬ್ಬಿ; ಆ ಡಬ್ಬಿಗಳಿಂದ ಜೀರುಂಡೆಯ ಸದ್ದು ನನ್ನ ರಿಸೀವರ್ ತುಂಬ. ಸಹಿಸಿಕೊಂಡು ಕೂಗುತ್ತಿದ್ದೆ. ಅರ್ಧ ಗಂಟೆಯಲ್ಲಿ ಇಬ್ಬರು ಹುಡುಗರು ಬಾಗಿಲಿಗೆ ಬಂದರು.

“ಅಂಕಲ್, ಕ್ವ್ಯಾ ಕ್ವ್ಯಾ ಅಂತಿರೋದು ನೀವಾ?”

ನನ್ನ ದನಿ ಪೆಂಡಾಲಿನ ಆಂಪ್ಲಿಫೈಯರ್‌ಗೆ ನುಗ್ಗಿ ಬಾತುಕೋಳಿಯಾಗಿ ಲೌಡ್‌ಸ್ಪೀಕರ್‌ನಲ್ಲಿ ಹೊರಟಿತ್ತು. ಉದ್ದುದ್ದ ಸ್ಪೀಕರ್ ವೈರು ಆಂಟೆನಾ ಕೆಲಸ ಮಾಡುತ್ತದೆ. ಭಜನೆಯ ನಡುವೆ ಇದ್ದಕ್ಕಿದ್ದಂತೆ ದೇವರ ಹಿಂದಿನಿಂದ ಕ್ವ್ಯಾ ಕ್ವ್ಯಾ. ಮಕ್ಕಳು ಇಲಿ ಮಾತಾಡುತ್ತಿದೆ ಎಂದು ಗುಂಪುಗೂಡಿದ್ದರಂತೆ. ಎಸ್.ಪಿ. ರೋಡಿನಿಂದ ತಂದಿಟ್ಟಿದ್ದ ಫೆರೈಟ್ ಬಳೆಗಳನ್ನು ಹಿಡಿದು ಹೋಗಿ ವೈರಿಗೆ ತೊಡಿಸಿದೆ. ಬಾತುಕೋಳಿ ಮೆತ್ತಗಾಯಿತು, ಸಾಯಲಿಲ್ಲ. ರಾತ್ರಿ ಹತ್ತರವರೆಗೆ ಯಂತ್ರ ಮುಟ್ಟುವುದಿಲ್ಲ ಎಂದು ಮಾತುಕೊಟ್ಟು ಪ್ರಸಾದದೊಂದಿಗೆ ಮರಳಿದೆ. ಯೂರೋಪು ಆವತ್ತು ನನ್ನನ್ನು ಬಿಟ್ಟೇ ಮುಂದೆ ಹೋಯಿತು.

2025ರ ಮೇ 31ರಂದು ಹೆಡ್‌ಮಾಸ್ಟರ ಲೆಕ್ಕದಂತೆ ನಿವೃತ್ತನಾದೆ. ಹಾರ, ಶಾಲು, ಫಲತಾಂಬೂಲ. ಮೂರು ವಾರಕ್ಕೆ ಜೂನ್ ಕಾಂಟೆಸ್ಟ್. ಆರಕ್ಕೆ ಒಂದು ಗೆರೆ ನಾಲ್ಕು ಚುಕ್ಕೆ, ಸೊನ್ನೆಗೆ ಐದು ಗೆರೆ. ಐವತ್ತೈದಕ್ಕೆ ಹಿಡಿದದ್ದರ ಒಂದೂವರೆ ಪಟ್ಟಿಗೂ ಹೆಚ್ಚು ಹೊತ್ತು. ಬೆರಳಿಗೆ ಅದು ಗೊತ್ತಾಗುತ್ತದೆ. ಏಳರವರು ಭಾನುವಾರ ಸಿಕ್ಕರು: ಎಪ್ಪತ್ತೈದು.

ಸೋಮವಾರ ಐದೂವರೆಗೆ ಹೆಡ್‌ಫೋನ್ ತೆಗೆದಿಟ್ಟು ಅಡುಗೆಮನೆಗೆ ಬಂದೆ. ಅಮ್ಮ ಆಗಲೇ ಕಾಫಿಯ ಮುಂದೆ ಕೂತಿದ್ದಳು. ತನ್ನ ವಯಸ್ಸು ಎಂಬತ್ತೋ ಎಂಬತ್ತೆರಡೋ, ಅವಳಿಗೇ ಖಚಿತವಿಲ್ಲ.

“ಮುಗೀತೇನೋ ನಿನ್ನ ಟಕ ಟಕ?”

“ಮುಗೀತಮ್ಮ. ಇನ್ನೂರ ಹನ್ನೆರಡು ಜನ ಸಿಕ್ಕಿದ್ರು.”

“ಅದೇನು ಮಾತಾಡ್ತೀರೋ ಅಷ್ಟು ಜನದ ಹತ್ರ?”

ನಿದ್ದೆಗೆಟ್ಟ ಮಂಪರಿನಲ್ಲಿ ಬಾಯಿ ಜಾರಿತು. “ವಯಸ್ಸು ಕೇಳ್ತಾರೆ. ಅರವತ್ತು ಅಂದೆ.”

ಅಮ್ಮ ಲೋಟ ಕೆಳಗಿಟ್ಟಳು. “ಅರವತ್ತೆಲ್ಲೋ? ಪರಿಷೆಯೇ ಬಂದಿಲ್ಲವಲ್ಲೋ ಇನ್ನೂ. ಇನ್ನೂರು ಜನಕ್ಕೆ ಸುಳ್ಳು ಹೇಳಿ ಕೂತಿದೀಯಾ?”

“ಏನಾಯ್ತೀಗ, ಬಿಡಮ್ಮ.”

“ಮತ್ತೆ ಯಾವಾಗ ಸಿಗ್ತಾರೆ ಅವರೆಲ್ಲ?”

“ಸೆಪ್ಟೆಂಬರ್‌ನಲ್ಲಿ. ಆಗಲೂ ಪರಿಷೆ ಆಗಿರೋದಿಲ್ಲ.”

“ಹಾಗಾದ್ರೆ ಐವತ್ತೊಂಬತ್ತು ಅಂತ ಹೇಳು” ಎಂದಳು ಅಮ್ಮ. “ಎಲ್ಲರಿಗೂ ಕೇಳೋ ಹಾಗೆ ಹೇಳು.”