ಹನೋಯ್ ಓಣಿಗಳಲ್ಲಿ ಮನೆ ಹುಡುಕುತ್ತ

ಕೆಂಪು ನದಿಯ ಮೇಲಿನ ನ್ಯಾತ್ ತಾನ್ ಸೇತುವೆ ದಾಟಿ ವಿಯೆಟ್ನಾಮಿನ ಹನೋಯ್ ಹೊಕ್ಕರೆ ಕಣ್ಣು ಹಾಯಿಸಿದಲ್ಲೆಲ್ಲ ಬೈಕುಗಳು. ಇಂಗ್ಲಿಷ್ ಕಲಿಸಲು ಹೊರಟಾಗ ಧಾರವಾಡದಲ್ಲಿ ಎಲ್ಲರೂ ಕಳ್ಳರ ಬಗ್ಗೆಯೇ ಎಚ್ಚರಿಸಿದ್ದರು. ಫೋನು ಕಸಿದುಕೊಂಡು ಹೋಗುವವರು ಇಲ್ಲೂ ಇದ್ದಾರೆ. ರಸ್ತೆಯಂಚಿನಲ್ಲಿ ಫೋನು ಹಿಡಿದು ನಿಲ್ಲದಿದ್ದರೆ ಆ ಕಾಟ ಬಹುಮಟ್ಟಿಗೆ ತಪ್ಪುತ್ತದೆ. ನನಗೆ ಭಯವಿದ್ದದ್ದು ಮನೆಯ ವಿಷಯದಲ್ಲಿ.

2023ರ ಸೆಪ್ಟೆಂಬರಿನಲ್ಲಿ ಇದೇ ಊರಿನ ಥಾನ್ ಷುವಾನ್ ಭಾಗದ ವಸತಿ ಕಟ್ಟಡವೊಂದಕ್ಕೆ ರಾತ್ರಿ ಬೆಂಕಿ ಬಿದ್ದು 56 ಜನ ಸತ್ತರು. ಬೆಂಕಿ ಹೊತ್ತಿದ್ದು ಬೈಕುಗಳನ್ನು ಒತ್ತೊತ್ತಾಗಿ ನಿಲ್ಲಿಸಿದ್ದ ನೆಲಮಹಡಿಯಲ್ಲಿ. ಇಕ್ಕಟ್ಟಾದ ಓಣಿಯಲ್ಲಿ ಅಗ್ನಿಶಾಮಕ ವಾಹನಕ್ಕೆ ಹತ್ತಿರ ಹೋಗಲಾಗಲಿಲ್ಲ. ಹೊರದೇಶದ ಮೇಷ್ಟ್ರುಗಳಿಗೆ ಅಗ್ಗಕ್ಕೆ ಸಿಗುವುದು ಹೆಚ್ಚಾಗಿ ಇಂಥ ಓಣಿಗಳ ಕೋಣೆಗಳೇ.

ಹಾಗಾಗಿ ಜೊತೆಗೆ ಕಲಿಸುವ ಫಿಲಿಪ್ಪೀನ್ಸಿನ ಗೆಳತಿಯೊಂದಿಗೆ ಮನೆ ನೋಡಲು ಹೊರಟಾಗ ಅಡುಗೆಮನೆ, ವೈಫೈ ಎಲ್ಲ ಆಮೇಲೆ, ಬೆಂಕಿ ಬಿದ್ದರೆ ಹೊರಬೀಳಲು ದಾರಿಯಿದೆಯೇ ಎಂದು ಮೊದಲು ನೋಡಿದ್ದು ಬಾಲ್ಕನಿ. ಇಲ್ಲಿ ಅಗಲ ಕಿರಿದಾದ, ಎತ್ತರದ ಮನೆಗಳೇ ಹೆಚ್ಚು. ಕಳ್ಳರಿಗೆ ಹೆದರಿ ಬಾಲ್ಕನಿಗೆ ಪೂರ್ತಿ ಕಬ್ಬಿಣದ ಜಾಲರಿ ಬಡಿದಿರುತ್ತಾರೆ. ಒಂದು ಮನೆ ತುಂಬ ಚೆನ್ನಾಗಿತ್ತು, ಬಾಡಿಗೆಯೂ ಕಡಿಮೆ. ಆದರೆ ಮೆಟ್ಟಿಲ ಬುಡದಲ್ಲೇ ಬೈಕುಗಳು, ಮೇಲೆ ತೆರೆಯಲಾಗದ ಜಾಲರಿ. ಬೇಡವೆಂದು ಬಂದೆವು. ಕೊನೆಗೆ ಹಿಡಿದ ಮನೆಯ ಜಾಲರಿಗೆ ಪುಟ್ಟ ಬಾಗಿಲಿತ್ತು, ಬೀಗ ತುಕ್ಕು ಹಿಡಿದಿತ್ತು. ಮನೆಯೊಡತಿ ಹೊಲಿಗೆಯಂತ್ರದ ಎಣ್ಣೆ ತಂದು ಅದಕ್ಕೆ ಬಿಟ್ಟು, ಕೀಲಿ ಎರಡು ಸಲ ತಿರುಗಿಸಿ ನೋಡಿ, ಪಕ್ಕದ ಮೊಳೆಗೆ ತೂಗುಹಾಕಿದರು. ಮುಂಗಡ ಕೊಟ್ಟದ್ದು ಆಮೇಲೆ. ನಮ್ಮ ವಾಸ್ತವ್ಯವನ್ನು ಪೊಲೀಸರಲ್ಲಿ ನೋಂದಾಯಿಸುವುದು ಮನೆ ಮಾಲೀಕರ ಹೊಣೆ. ಆ ಕೆಲಸವನ್ನೂ ಅವರೇ ಮುಗಿಸಿದರು.

ಕಾಗದಪತ್ರಗಳ ವಿಷಯದಲ್ಲಿ ನನ್ನದು ಗಟ್ಟಿ ಮಾತು. 'ಪ್ರವಾಸಿ ವೀಸಾದಲ್ಲಿ ಬನ್ನಿ, ವರ್ಕ್ ಪರ್ಮಿಟ್ ಆಮೇಲೆ ನೋಡೋಣ' ಎನ್ನುವ ಏಜೆಂಟರನ್ನು ನಂಬಬೇಡಿ. ಪರ್ಮಿಟ್ ಇಲ್ಲದೆ ಕಲಿಸಿ ಸಿಕ್ಕಿಬಿದ್ದರೆ ದಂಡ ಕಟ್ಟಿ ದೇಶ ಬಿಡಬೇಕಾದೀತು. ಸಂಬಳ ಹಿಡಿದುಕೊಂಡರೆ ದೂರು ಕೊಡಲೂ ಬಾಯಿ ಬಾರದು. ಬೈಕೂ ಹಾಗೆಯೇ. ಸಂಚಾರ ಬಲಗಡೆ, ಹೆಲ್ಮೆಟ್ ಕಡ್ಡಾಯ. ಇಲ್ಲಿ ಸಲ್ಲುವ ಲೈಸೆನ್ಸ್ ಇಲ್ಲದೆ ಓಡಿಸಿ ಬಿದ್ದರೆ ವಿಮೆಯವರು ಆಸ್ಪತ್ರೆ ಖರ್ಚು ಕೊಡಲಾರೆವೆನ್ನಬಹುದು. ನಾನು ಬಸ್ಸು ಹಿಡಿದೆ, ಮಳೆ ಬಂದರೆ ಗ್ರ್ಯಾಬ್ ಆ್ಯಪ್‌ನ ಟ್ಯಾಕ್ಸಿ.

ಪೊಲೀಸರಿಗೆ 113, ಬೆಂಕಿಗೆ 114, ಆಂಬುಲೆನ್ಸಿಗೆ 115. ಆದರೆ ಫೋನಿನಲ್ಲಿ ವಿಳಾಸ ಹೇಳಲು ಬರಬೇಕಲ್ಲ? ಓಣಿಯೊಳಗೆ ಓಣಿ, ಓರೆಗೆರೆ ಹಾಕಿದ ಮನೆ ನಂಬರು, ಜೊತೆಗೆ ಹನೋಯ್ ಮಾತಿನ ಆರು ಬಗೆಯ ಏರಿಳಿತ. ಸಂಜೆ ತರಗತಿ ಮುಗಿಸಿ ಬಂದಾಗಲೆಲ್ಲ ಮನೆಯೊಡತಿ ಬಾಗಿಲಲ್ಲೇ ತಡೆದು ವಿಳಾಸ ಹೇಳಿಸುತ್ತಿದ್ದರು. ನಾನು ಹೇಳಿದ್ದು ಆಪರೇಟರಿಗೆ ಅರ್ಥವಾಗುತ್ತದೆಂದು ಅವರಿಗೆ ನಂಬಿಕೆ ಬಂದ ಮೇಲೆಯೇ ಅದನ್ನು ಬಿಟ್ಟದ್ದು.