ಚುಕ್ಕಿ ಮತ್ತು ಪೊರಕೆ

ಚುಕ್ಕಿ ನಮ್ಮನೆಗೆ ಬಂದು ಮೊನ್ನೆಗೆ ಎಂಟು ತಿಂಗಳಾಯ್ತು. ಬೆಂಗಳೂರಿನ ಬೀದಿನಾಯಿ. ಕಾರಿಗೆ ಸಿಕ್ಕಿ ಕಾಲು ಮುರಿದುಕೊಂಡಿದ್ದವಳನ್ನು ಯಾರೋ ಪುಣ್ಯಾತ್ಮರು ಎತ್ತಿಕೊಂಡು ಹೋಗಿ ಆರೈಕೆ ಮಾಡಿದ್ದರು. ಅಲ್ಲಿಂದ ನಮ್ಮಲ್ಲಿಗೆ. ಕಿವಿಯ ತುದಿ ಸ್ವಲ್ಪ ಕತ್ತರಿಸಿದೆ. ನೋಡಿದವರೆಲ್ಲ ‘ಯಾವ ನಾಯಿ ಕಚ್ಚಿತು?’ ಅಂತಾರೆ. ಅದು ಸಂತಾನಹರಣ ಚಿಕಿತ್ಸೆ ಆಗಿದೆ ಅನ್ನೋದಕ್ಕೆ ಮಾಡೋ ಗುರುತು ಮಾರಾಯ್ರೆ!

ಮೊದಲ ವಾರ ಸೋಫಾ ಕೆಳಗಿಂದ ಈಚೆ ಬರಲೇ ಇಲ್ಲ. ನಾವೆಲ್ಲ ಮಲಗಿದ ಮೇಲೆ ಮೊಸರನ್ನದ ತಟ್ಟೆ ಖಾಲಿಯಾಗ್ತಿತ್ತು. ನಾನು ಪೊರಕೆ ಹಿಡಿದರಂತೂ ಮುಗೀತು, ನಿಂತಲ್ಲೇ ಉಚ್ಚೆ. ಯಾರು ಹೇಗೆ ಹೊಡೆದಿದ್ದರೋ... ಒಂದಿನ ಆಫೀಸಿಂದ ಸುಸ್ತಾಗಿ ಬಂದವನು ನೆಲ ಒರೆಸುತ್ತಾ ಕೂಗಾಡಿಬಿಟ್ಟೆ. ‘ನಾಳೆನೇ ವಾಪಸ್ ಬಿಟ್ಟು ಬರ್ತೀನಿ’ ಅಂದೆ.

ಊರಿಂದ ಅಮ್ಮ ಬಂದಿದ್ದಳು. ನಾಯಿಯನ್ನು ಜಗಲಿ ಹತ್ತಿಸಿದವಳಲ್ಲ. ‘ಹೆಂಗೆ ನಡುಗ್ತಾ ಇದೆ ನೋಡು. ನೀನೂ ಸಣ್ಣವನಿದ್ದಾಗ ನಿಮ್ಮಪ್ಪನ ಸೈಕಲ್ ಸದ್ದು ಕೇಳಿದ್ರೆ ಹಿಂಗೇ ಅಡಗಿಕೊಳ್ತಿದ್ದೆ’ ಅಂದಳು. ನನಗೆ ಮಾತೇ ಹೊರಡಲಿಲ್ಲ.

ಮಾರನೇ ದಿನದಿಂದ ಪೊರಕೆಯ ಜಾಗ ಬಾಲ್ಕನಿ. ಚುಕ್ಕಿ ಅಮ್ಮನ ಜೊತೆ ವಾಕಿಂಗ್ ಹೋದಾಗ ಮಾತ್ರ ಕಸ ಗುಡಿಸೋದು.

ನಿನ್ನೆ ಮರೆತು ಅವಳ ಎದುರಿಗೇ ಪೊರಕೆ ತಗೊಂಡೆ. ಹೆದರಿ ಓಡಿದಳು, ನಿಜ. ಆದ್ರೆ ಸೋಫಾ ಕೆಳಗಲ್ಲ, ನನ್ನ ಕಾಲುಗಳ ಹಿಂದಕ್ಕೆ! ಪೊರಕೆ ಇರೋದು ನನ್ನ ಕೈಯಲ್ಲೇ ಅನ್ನೋದೂ ಗೊತ್ತಾಗಿಲ್ಲ ಪೆದ್ದಿಗೆ.

ಕೆಳಗಿಟ್ಟೆ. ಕಸ ಇನ್ನೂ ಹಾಗೇ ಇದೆ :)